ಇಂಗ್ಲಿಷಿನಲ್ಲಿ ‘ಏನೋ’ ಎನ್ನುವುದು ಹೇಗೆ?

ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಈ ದನಿ ಗೊತ್ತು. ಬಕೆಟ್ ಹಿಡಿದು ಬಡಿಸುವವರು ‘ಹುಳಿ... ಹುಳಿ... ಹುಳಿ...’ ಎನ್ನುತ್ತ ಸಾಲಿನುದ್ದಕ್ಕೂ ಸರಿದು ಹೋಗುತ್ತಾರೆ. ‘ಹಾಕಲೇ?’ ಎಂದು ಕೇಳುವುದಿಲ್ಲ, ‘ಬೇಕೇ?’ ಎನ್ನುವುದಿಲ್ಲ. ದನಿ ಮೇಲೇರುವುದೂ ಇಲ್ಲ. ಪದದ ಕೊನೆಗೆ ತಣ್ಣಗೆ ಕೆಳಗಿಳಿಯುತ್ತದೆ. ಬೇಕಾದವರು ಅನ್ನದ ನಡುವೆ ಗುಳಿ ಮಾಡುತ್ತಾರೆ, ಬೇಡವಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಯಾರಿಗೂ ಅವಮಾನವಾಗುವುದಿಲ್ಲ.

ಹೆಚ್ಚುಕಡಿಮೆ ಇದೇ ಧಾಟಿ 1970ರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ನೌಕರರ ಕ್ಯಾಂಟೀನಿನಲ್ಲಿ ಮನಸ್ತಾಪಕ್ಕೆ ಕಾರಣವಾಯಿತು. ಬಡಿಸುವ ಕೆಲಸಕ್ಕೆ ಅಲ್ಲಿ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಹೊಸದಾಗಿ ಸೇರಿದ್ದರು. ಅವರು ಸಿಡುಕಿನವರು, ಸಹಕಾರವಿಲ್ಲದವರು ಎಂಬ ದೂರು ಮೇಲ್ವಿಚಾರಕರದ್ದೂ ಊಟಕ್ಕೆ ಬರುವವರದ್ದೂ ಆಗಿತ್ತು. ಅವರು ಗಿರಾಕಿಗಳೊಡನೆ ಆಡುತ್ತಿದ್ದ ಮಾತೇ ನಾಲ್ಕಾರು. ಮಾಂಸದ ಊಟ ಆರಿಸಿಕೊಂಡವರಿಗೆ ಗ್ರೇವಿ ಬೇಕೇ ಎಂದು ವಿಚಾರಿಸಬೇಕಿತ್ತು. ಬ್ರಿಟಿಷ್ ಸಹಾಯಕಿಯರು ‘ಗ್ರೇವಿ?’ ಎಂದು ದನಿ ಏರಿಸುತ್ತಿದ್ದರು. ಇವರು ‘ಗ್ರೇವಿ’ ಎಂದು ದನಿ ಇಳಿಸುತ್ತಿದ್ದರು. ಪದ ಒಂದೇ, ಅಕ್ಷರ ಒಂದೇ. ಆದರೆ ತಟ್ಟೆ ಹಿಡಿದು ನಿಂತವರ ಕಿವಿಗೆ ಮೊದಲನೆಯದು ‘ಗ್ರೇವಿ ಹಾಕಲೇ?’ ಎಂದು ಕೇಳಿಸಿದರೆ, ಎರಡನೆಯದು ‘ಇದು ಗ್ರೇವಿ, ಬೇಕಾದರೆ ತಗೋ’ ಎಂದು ಕೇಳಿಸುತ್ತಿತ್ತು.

ಇದನ್ನು ಪತ್ತೆ ಹಚ್ಚಿದವರು ಭಾಷಾವಿಜ್ಞಾನಿ ಜಾನ್ ಗಂಪರ್ಜ್. ಮಾತುಗಳನ್ನು ಧ್ವನಿಮುದ್ರಿಸಿ ಎರಡೂ ಗುಂಪಿಗೆ ಕೇಳಿಸಿದರು. ಬ್ರಿಟಿಷರು ವ್ಯತ್ಯಾಸವನ್ನು ತಟ್ಟನೆ ಗುರುತಿಸಿದರು. ನಮ್ಮ ಕಡೆಯ ಹೆಂಗಸರಿಗೆ ಮೊದಲಿಗೆ ವ್ಯತ್ಯಾಸವೇ ಕಾಣಲಿಲ್ಲ. ತಾವು ಮಾಮೂಲಾಗಿ ಕೇಳುವುದೇ ಹಾಗೆ ಎಂದರು. 1982ರಲ್ಲಿ ಪ್ರಕಟವಾದ ಈ ಪ್ರಸಂಗ ಭಾಷಾ ಬೋಧಕರ ನಡುವೆ ಇಂದಿಗೂ ಓಡಾಡುತ್ತದೆ. (ಗಂಪರ್ಜ್ ಕನ್ನಡಕ್ಕೆ ಹೊರಗಿನವರೇನಲ್ಲ. ಸಾಂಗ್ಲಿ ಬಳಿಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳು ಒಂದೇ ಊರಿನಲ್ಲಿ ಬದುಕುತ್ತ ವ್ಯಾಕರಣವನ್ನೇ ಹಂಚಿಕೊಂಡ ಬಗೆಯನ್ನು ರಾಬರ್ಟ್ ವಿಲ್ಸನ್ ಜೊತೆಗೂಡಿ 1971ರಲ್ಲಿ ಬರೆದವರು ಅವರೇ.)

ಹಳೆಯ ಗ್ರೇವಿಯ ಕಥೆ ಈಗ ಯಾಕೆ ಎಂದರೆ, ಕ್ಯಾಮೆರಾ ಆರಿಸಿಟ್ಟು ನಡೆಯುವ ಕಚೇರಿ ಸಭೆಗಳಲ್ಲಿ ಮುಖವಿಲ್ಲ, ಕೈಸನ್ನೆಯಿಲ್ಲ, ಇರುವುದು ದನಿಯೊಂದೇ. ವಿದೇಶಕ್ಕೆ ಓದಲು ಹೊರಟವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗದಲ್ಲಿ ನಾಲ್ಕು ಮಾನದಂಡಗಳಿವೆ. ಅವುಗಳಲ್ಲಿ ಒಂದು ಉಚ್ಚಾರಣೆ, ತೂಕ ಉಳಿದ ಮೂರರಷ್ಟೇ. ಉಚ್ಚಾರಣೆ ಎಂದೊಡನೆ ನಮ್ಮವರು ‘ವಿ’ ಮತ್ತು ‘ಡಬ್ಲ್ಯು’ ನಡುವಿನ ವ್ಯತ್ಯಾಸವನ್ನು ತಿದ್ದಿಕೊಳ್ಳಲು ಕೂರುತ್ತಾರೆ. ಪರೀಕ್ಷಕರು ದನಿಯ ಏರಿಳಿತವನ್ನೂ ಅಳೆಯುತ್ತಾರೆ ಎಂಬುದು ಎಷ್ಟೋ ಅಭ್ಯರ್ಥಿಗಳಿಗೆ ಫಲಿತಾಂಶ ಬಂದ ಮೇಲೆ ತಿಳಿಯುತ್ತದೆ.

## ಏರುವುದೇನು, ಇಳಿಯುವುದೇನು

ಮಾತಾಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ವಯಸ್ಕ ಗಂಡಸರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 150 ಸಲ, ಹೆಂಗಸರಲ್ಲಿ 180ರಿಂದ 250 ಸಲ. ಮಕ್ಕಳಲ್ಲಿ ಇನ್ನೂ ಹೆಚ್ಚು. ಕಂಪನ ಹೆಚ್ಚಿದರೆ ದನಿ ತೆಳುವಾಗಿ ಮೇಲೇರುತ್ತದೆ, ತಗ್ಗಿದರೆ ದಪ್ಪವಾಗಿ ಕೆಳಗಿಳಿಯುತ್ತದೆ. ಸಂಗೀತದವರು ಇದನ್ನೇ ಶ್ರುತಿ ಎನ್ನುತ್ತಾರೆ. ಮಾತಿನಲ್ಲಿ ಈ ಶ್ರುತಿ ಒಂದೇ ಮಟ್ಟದಲ್ಲಿ ನಿಲ್ಲದೆ ಏರಿ ಇಳಿದು ಗೆರೆಯೊಂದನ್ನು ಎಳೆಯುತ್ತ ಹೋಗುತ್ತದಲ್ಲ, ಆ ಗೆರೆಯೇ ಏರಿಳಿತ. ಗಾಯಕ, ಗಾಯಕಿ ಬೇರೆ ಬೇರೆ ಶ್ರುತಿಯಲ್ಲಿ ಹಾಡಿದರೂ ಕೀರ್ತನೆ ಅದೇ ಆಗಿರುವಂತೆ, ಮಾತಿನಲ್ಲೂ ಮುಖ್ಯವಾಗುವುದು ದನಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ಅದು ಯಾವ ಕಡೆಗೆ ಹೊರಳಿತು ಎಂಬುದು.

ಚೀನಾದ ಮ್ಯಾಂಡರಿನ್‌ನಲ್ಲಿ ‘ಮಾ’ ಎಂಬ ಒಂದೇ ಉಚ್ಚಾರ ಶ್ರುತಿ ಬದಲಾದಂತೆ ಅಮ್ಮ, ಕುದುರೆ, ಸೆಣಬು, ಬೈಗುಳ ಎಲ್ಲವೂ ಆಗುತ್ತದೆ. ಅಲ್ಲಿ ಶ್ರುತಿ ಪದವನ್ನೇ ಬದಲಿಸುತ್ತದೆ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹಾಗಿಲ್ಲ. ‘ಗ್ರೇವಿ’ ಏರಿದರೂ ಇಳಿದರೂ ಗ್ರೇವಿಯೇ. ಬದಲಾಗುವುದು ಆ ಪದದಿಂದ ಆಡುಗರು ಮಾಡುತ್ತಿರುವ ಕೆಲಸ: ಕೇಳುತ್ತಿದ್ದಾರೋ, ಹೇಳುತ್ತಿದ್ದಾರೋ, ಒಪ್ಪಿದರೋ, ಒಪ್ಪಿದಂತೆ ಮಾಡಿ ನುಣುಚಿಕೊಂಡರೋ.

ಇದು ನಮ್ಮ ಪರಂಪರೆಗೆ ಹೊಸ ವಿಷಯವಲ್ಲ. ಸಂಸ್ಕೃತ ಕಾವ್ಯಮೀಮಾಂಸೆ ಇದಕ್ಕೆ ಕಾಕು ಎಂಬ ಹೆಸರು ಕೊಟ್ಟಿದೆ; ಕನ್ನಡದ ‘ಕಾಕುನುಡಿ’ ನೆನಪಾಗಬಹುದು. ಭರತನ ನಾಟ್ಯಶಾಸ್ತ್ರ ಕಾಕುವನ್ನು ಎರಡಾಗಿ ವಿಂಗಡಿಸುತ್ತದೆ: ಸಾಕಾಂಕ್ಷ ಮತ್ತು ನಿರಾಕಾಂಕ್ಷ. ಮಾತು ಇನ್ನೂ ಮುಗಿದಿಲ್ಲ, ಏನನ್ನೋ ಬಯಸುತ್ತಿದೆ ಎಂದು ಸೂಚಿಸುವ ದನಿ ಸಾಕಾಂಕ್ಷ. ಹೇಳಬೇಕಾದ್ದು ಮುಗಿಯಿತು, ಇನ್ನೇನೂ ಬಾಕಿಯಿಲ್ಲ ಎನ್ನುವ ದನಿ ನಿರಾಕಾಂಕ್ಷ. ಇಂಗ್ಲಿಷಿನ ಏರು ದನಿ, ಇಳಿ ದನಿಗಳ ಸಾರ ಇದಕ್ಕಿಂತ ಚೆನ್ನಾಗಿ ಎರಡು ಪದಗಳಲ್ಲಿ ಹಿಡಿಯುವುದು ಕಷ್ಟ.

## ಕನ್ನಡ ಇದನ್ನು ಎಲ್ಲಿ ಇಟ್ಟಿದೆ

‘ಮಾವ ಬಂದರು.’ ಇದು ಬರೀ ಸುದ್ದಿ. ‘ಮಾವನೇ ಬಂದರು’ ಎಂದರೆ ಬೇರೆ ಯಾರೂ ಅಲ್ಲ, ಖುದ್ದು ಅವರು. ‘ಮಾವ ಬಂದರೇ?’ ಪ್ರಶ್ನೆ. ‘ಮಾವ ಬಂದರು ತಾನೇ?’ ಎಂದರೆ ನನಗೆ ಗೊತ್ತು, ನೀನು ಹೂಂ ಎನ್ನು. ‘ಮಾವ ಬಂದರಂತೆ’ ಎಂದರೆ ನಾನು ಕಂಡಿಲ್ಲ, ಯಾರೋ ಹೇಳಿದರು. ‘ಮಾವನೇನೋ ಬಂದರು...’ ಎಂದರೆ ಬಂದದ್ದು ಹೌದು, ಆದರೆ ಅತ್ತೆ ಬರಲಿಲ್ಲ, ಅಥವಾ ತರುತ್ತೇನೆ ಎಂದಿದ್ದ ದುಡ್ಡು ತರಲಿಲ್ಲ. ಎರಡು ಪದಗಳ ವಾಕ್ಯಕ್ಕೆ ಬಾಲದಂತೆ ಅಂಟಿದ ಏ, ತಾನೇ, ಅಂತೆ, ಏನೋಗಳು ಇಷ್ಟೆಲ್ಲ ಮಾಡುತ್ತವೆ. ಇವು ಬರಹದಲ್ಲೂ ಕಾಣುತ್ತವೆ, ಕತ್ತಲಲ್ಲಿ ಪಿಸುಗುಟ್ಟಿದರೂ ಕೇಳುತ್ತವೆ. ‘ಬಂದರೇ’ ಎಂದಮೇಲೆ ದನಿ ಏರಿಸದಿದ್ದರೂ ಅದು ಪ್ರಶ್ನೆಯೇ, ಏಕೆಂದರೆ ಪ್ರಶ್ನೆಯನ್ನು ಹೊತ್ತಿರುವುದು ಆ ಕೊನೆಯ ‘ಏ’.

ಕನ್ನಡದಲ್ಲಿ ಏರಿಳಿತವಿಲ್ಲ ಎಂದಲ್ಲ. ‘ಆಹಾ, ಎಂಥ ಬುದ್ಧಿವಂತ!’ ಎನ್ನುವುದು ಹೊಗಳಿಕೆಯೋ ಬೈಗುಳವೋ ಎಂಬುದನ್ನು ದನಿಯೇ ತೀರ್ಮಾನಿಸಬೇಕು. ಆದರೆ ಕನ್ನಡದಲ್ಲಿ ಹೊರೆ ಹಂಚಿಹೋಗಿದೆ. ಇಂಗ್ಲಿಷಿನಲ್ಲಿ ‘ಏ’ ಇಲ್ಲ, ‘ತಾನೇ’ ಇಲ್ಲ, ‘ಏನೋ’ ಇಲ್ಲ. ನೀನು, ನೀವು ಎಂಬ ಭೇದವೂ ಇಲ್ಲ. ಗೌರವ ತೋರಿಸಲು ಕ್ರಿಯಾಪದದ ಕೊನೆಗೆ ಒಂದು ‘ರಿ’ ಇಲ್ಲ. ಆ ಕೆಲಸಗಳಲ್ಲಿ ಬಹುಪಾಲನ್ನು ಅದು ದನಿಗೆ ಒಪ್ಪಿಸಿದೆ. (‘ಅಂತೆ’ಯನ್ನು ಮಾತ್ರ ದನಿಗೂ ನಿಭಾಯಿಸಲಾಗುವುದಿಲ್ಲ, ಅದಕ್ಕೆ ಇಂಗ್ಲಿಷ್ ಬೇರೆ ಪದವನ್ನೇ ತರಬೇಕು.) ಹಾಗಾಗಿ ಇಂಗ್ಲಿಷನ್ನು ಏರಿಳಿತವಿಲ್ಲದೆ ಆಡುವುದೆಂದರೆ ಕನ್ನಡವನ್ನು ಈ ಪ್ರತ್ಯಯಗಳೆಲ್ಲ ಉದುರಿಹೋದಂತೆ ಆಡುವುದು. ವ್ಯಾಕರಣ ಸರಿಯಿರುತ್ತದೆ; ‘ಮಾವ ಬಂದರು’ ಎಂಬ ಸುದ್ದಿಯೂ ತಲುಪುತ್ತದೆ. ಅದನ್ನು ಯಾಕೆ ಹೇಳಿದಿರಿ ಎಂಬುದು ತಲುಪುವುದಿಲ್ಲ.

ಕಲಿಯುವವರಿಗೆ ಇದು ಒಳ್ಳೆಯ ಸುದ್ದಿ ಎಂದೇ ನನ್ನ ಎಣಿಕೆ. ಒತ್ತಿ ಹೇಳುವುದು, ಅನುಮಾನಿಸುವುದು, ಅರ್ಧ ಒಪ್ಪುವುದು ನಮಗೆ ಬಾರದ ವಿದ್ಯೆಗಳಲ್ಲ. ಇಂಗ್ಲಿಷ್ ಅವನ್ನು ಯಾವ ಡಬ್ಬಿಯಲ್ಲಿ ಇಟ್ಟಿದೆ ಎಂದು ತಿಳಿದರೆ ಸಾಕು.

## ಭಾರ ಎಲ್ಲಿ ಬೀಳುತ್ತದೆ

ಇಂಗ್ಲಿಷ್ ಮಾತಿನ ಒಂದೊಂದು ತುಂಡಿನಲ್ಲೂ ಒಂದು ಪದದ ಮೇಲೆ ಮುಖ್ಯ ಭಾರ ಬೀಳುತ್ತದೆ. ದನಿ ಎದ್ದುಕಾಣುವಂತೆ ಹೊರಳುವುದು ಅಲ್ಲೇ. ವಿಶೇಷ ಕಾರಣವೇನೂ ಇಲ್ಲದಿದ್ದರೆ ಆ ಜಾಗ ತುಂಡಿನ ಕೊನೆಯ ಅರ್ಥಪೂರ್ಣ ಪದ. ಕಾರಣವಿದ್ದರೆ ಭಾರ ಅಲ್ಲಿಂದ ಎದ್ದು ಬೇರೆಡೆಗೆ ಹೋಗುತ್ತದೆ, ಜೊತೆಗೆ ಅರ್ಥವನ್ನೂ ಎತ್ತಿಕೊಂಡು ಹೋಗುತ್ತದೆ.

ಯಾರೋ ನಿಮಗೆ ‘ಐ ಥಾಟ್ ಯೂ ವರ್ ಫ್ರಮ್ ಮೈಸೂರು’ ಎನ್ನುತ್ತಾರೆ ಎಂದುಕೊಳ್ಳಿ. ಭಾರ ‘ಮೈಸೂರು’ ಮೇಲಿದ್ದರೆ ಅದರ ಅರ್ಥ: ‘ನೀವು ಮೈಸೂರಿನವರು ಎಂದುಕೊಂಡಿದ್ದೆ’ (ಅಲ್ಲವೆಂದು ಈಗ ಗೊತ್ತಾಯಿತು). ಅದೇ ವಾಕ್ಯದಲ್ಲಿ ಭಾರವನ್ನು ‘ಥಾಟ್’ ಮೇಲೆ ಇಟ್ಟು, ಮೈಸೂರನ್ನು ತಗ್ಗಿದ ದನಿಯಲ್ಲಿ ಹಾಗೇ ಜಾರಲು ಬಿಟ್ಟರೆ ಅರ್ಥ ತಲೆಕೆಳಗು: ‘ನೀವು ಮೈಸೂರಿನವರು ಎಂದುಕೊಂಡೇ ಇದ್ದೆ’ (ನನ್ನ ಊಹೆ ನಿಜವಾಯಿತು). ಎಂದುಕೊಂಡಿದ್ದೆ, ಎಂದುಕೊಂಡೇ ಇದ್ದೆ. ನಡುವೆ ಬಂದ ಆ ಒಂದು ‘ಏ’ ಕನ್ನಡದಲ್ಲಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಭಾರದ ಜಾಗ ಮಾಡಿತು. ‘ಹೌದು, ನಾನು ಮೈಸೂರಿನವನೇ’ ಎಂದು ಉತ್ತರಿಸಬೇಕೋ, ‘ಇಲ್ಲ, ಹಾಸನ’ ಎಂದು ತಿದ್ದಬೇಕೋ ಎಂಬುದು ಇದನ್ನು ಕೇಳಿಸಿಕೊಂಡವರಿಗಷ್ಟೇ ಗೊತ್ತಾಗುತ್ತದೆ.

ಭಾರ ಹಾಕುವಷ್ಟೇ ಮುಖ್ಯ, ಹಾಕದೆ ಬಿಡುವುದು. ‘ಕಾಫಿ ಬೇಕೇ?’ ಎಂದು ಕೇಳಿದವರಿಗೆ ‘ಐ ಹೇಟ್ ಕಾಫಿ’ ಎನ್ನುವಾಗ ಕಾಫಿ ಆಗಲೇ ಮಾತಿನಲ್ಲಿ ಬಂದುಹೋದ ವಸ್ತು, ಹಳೆಯದು. ಹೊಸದು ‘ಹೇಟ್’. ಇಂಗ್ಲಿಷಿನವರು ಭಾರವನ್ನು ‘ಹೇಟ್’ ಮೇಲೆ ಇಳಿಸಿ ‘ಕಾಫಿ’ಯನ್ನು ಗೊಣಗಿದಂತೆ ಮುಗಿಸುತ್ತಾರೆ. ಕನ್ನಡದಲ್ಲಿ ಹಳೆಯ ವಸ್ತುವನ್ನು ನಾವು ಮಾತಿನಿಂದಲೇ ತೆಗೆದುಬಿಡುತ್ತೇವೆ: ‘ಅಯ್ಯೋ, ಕಂಡರಾಗದು’. ಇಂಗ್ಲಿಷ್ ವ್ಯಾಕರಣ ಹಾಗೆ ಬಿಡಲು ಬಿಡುವುದಿಲ್ಲ, ಪದ ಇರಲೇಬೇಕು. ಆದ್ದರಿಂದ ಅದನ್ನು ದನಿಯಲ್ಲಿ ಬಚ್ಚಿಡುತ್ತಾರೆ. ನಾವು ಎಲ್ಲ ಪದಗಳಿಗೂ ಸಮನಾಗಿ ಭಾರ ಹಂಚಿದಾಗ, ಇದರಲ್ಲಿ ಹೊಸದು ಯಾವುದು ಎಂದು ಎದುರಿನವರ ಕಿವಿ ಹುಡುಕುತ್ತ ಉಳಿಯುತ್ತದೆ.

ಒತ್ತಿ ಹೇಳಬೇಕಾದಾಗ ನಮ್ಮಲ್ಲಿ ಹಲವರು ಇಡೀ ವಾಕ್ಯದ ಸದ್ದನ್ನೇ ಜೋರು ಮಾಡುತ್ತಾರೆ. ಅದು ಸಿಟ್ಟಿನಂತೆ ಕೇಳುತ್ತದೆ. ಇಂಗ್ಲಿಷಿನ ಭಾರದಲ್ಲಿ ಸದ್ದಿನ ಪಾಲು ಕಡಿಮೆ. ಶ್ರುತಿ ಹೊರಳುವುದು ಮತ್ತು ಸ್ವರ ಕೊಂಚ ಉದ್ದವಾಗುವುದೇ ಹೆಚ್ಚು. ಅದೂ ಪದದ ಗೊತ್ತಾದ ಒಂದು ಉಚ್ಚಾರಾಂಶದ ಮೇಲೆ: ‘ಫೋಟೋಗ್ರಾಫ್’ನಲ್ಲಿ ಮೊದಲ ‘ಫೋ’ ಮೇಲೆ, ‘ಫೊಟಾಗ್ರಫಿ’ಯಲ್ಲಿ ಎರಡನೆಯ ‘ಟಾ’ ಮೇಲೆ. ನಿಘಂಟು ತೆರೆದಾಗ ಅರ್ಥದ ಜೊತೆಗೆ ಈ ಒತ್ತಿನ ಗುರುತನ್ನೂ ನೋಡುವುದು ಅದಕ್ಕೇ. ಪದದೊಳಗಿನ ಒತ್ತು ತಪ್ಪಿದರೆ ವಾಕ್ಯದ ರಾಗ ಕೂರಲು ಜಾಗವೇ ಇರುವುದಿಲ್ಲ.

ಭಾರ ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಬಹಳ ಹಳೆಯ ಕಥೆಯೊಂದಿದೆ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಯಾಗ ಮಾಡುವಾಗ ‘ಇಂದ್ರಶತ್ರು’ ಎಂಬ ಪದದ ಸ್ವರ ಕೊನೆಯಲ್ಲಿ ಏರುವ ಬದಲು ಮೊದಲಲ್ಲೇ ಏರಿತಂತೆ. ‘ಇಂದ್ರನನ್ನು ಕೊಲ್ಲುವವನು’ ಎಂಬುದು ‘ಇಂದ್ರನೇ ಯಾರನ್ನು ಕೊಲ್ಲುವನೋ ಅವನು’ ಎಂದಾಗಿ, ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಇಂಗ್ಲಿಷಿನಲ್ಲೂ ‘ಇಂಗ್ಲಿಷ್ ಟೀಚರ್’ ಎನ್ನುವಾಗ ಭಾರ ‘ಇಂಗ್ಲಿಷ್’ ಮೇಲಿದ್ದರೆ ಇಂಗ್ಲಿಷ್ ಕಲಿಸುವ ಮೇಷ್ಟರು, ‘ಟೀಚರ್’ ಮೇಲಿದ್ದರೆ ಇಂಗ್ಲೆಂಡಿನ ಮೇಷ್ಟರು. ಪ್ರಾಣಕ್ಕೇನೂ ಅಪಾಯವಿಲ್ಲ, ಅಷ್ಟೇ.

## ಇಳಿದರೆ ಮುಗಿಯಿತು, ಏರಿದರೆ ಬಾಕಿ ಇದೆ

ಭಾರ ಬಿದ್ದ ಜಾಗದಲ್ಲಿ ದನಿ ಯಾವ ಕಡೆಗೆ ಹೊರಳುತ್ತದೆ ಎಂಬುದು ಮುಂದಿನ ಪ್ರಶ್ನೆ. ಇಳಿತಕ್ಕೆ ↘, ಏರಿಗೆ ↗ ಎಂದು ಗುರುತು ಹಾಕೋಣ. ಇಳಿದರೆ ನಿರಾಕಾಂಕ್ಷ: ಇದು ಖಚಿತ, ಮಾತು ಮುಗಿಯಿತು. ಏರಿದರೆ ಸಾಕಾಂಕ್ಷ: ನಿಮ್ಮಿಂದ ಏನೋ ಬೇಕು, ಅಥವಾ ನಾನೇ ಇನ್ನೂ ಹೇಳುವುದಿದೆ.

ಫೋನಿನಲ್ಲಿ ಆ ಕಡೆಯವರು ‘ಸಾರಿ ↗’ ಎನ್ನುತ್ತಾರೆ. ಈ ಕಡೆಯವರು ದೊಡ್ಡ ಮನಸ್ಸು ಮಾಡಿ ‘ಪರವಾಗಿಲ್ಲ ಬಿಡಿ’ ಎಂಬರ್ಥದಲ್ಲಿ ‘ಇಟ್ಸ್ ಓಕೆ’ ಎನ್ನುತ್ತಾರೆ. ಆ ಕಡೆ ಮತ್ತೆ ‘ಸಾರಿ ↗’. ಇದು ಕ್ಷಮೆಯಲ್ಲ, ‘ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’. ಕ್ಷಮೆ ಕೇಳುವ ‘ಸಾರಿ’ ಸಾಮಾನ್ಯವಾಗಿ ಇಳಿಯುತ್ತದೆ.

ಪ್ರಶ್ನೆ ಎಂದರೆ ದನಿ ಏರಿಸಬೇಕು ಎಂದು ಶಾಲೆಯಲ್ಲಿ ಕೇಳಿದ ನೆನಪು ಅನೇಕರಿಗಿದೆ. ಅರ್ಧ ಸತ್ಯ. ಹೌದು, ಇಲ್ಲ ಎಂದು ಉತ್ತರಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಏರುತ್ತವೆ. ಯಾರು, ಎಲ್ಲಿ, ಯಾವಾಗ ಎಂದು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಇಳಿಯುತ್ತವೆ, ಯಾಕೆಂದರೆ ಪ್ರಶ್ನೆ ಎಂಬುದನ್ನು ಅಲ್ಲಿ ಮೊದಲ ಪದವೇ ಸಾರಿಬಿಟ್ಟಿದೆ. ‘ವೇರ್ ಡು ಯೂ ಲಿವ್ ↘’ ಎಂದರೆ ಎಲ್ಲಿ ವಾಸ ಎಂಬ ಸಹಜ ಪ್ರಶ್ನೆ. ಅದೇ ಪ್ರಶ್ನೆಯ ‘ವೇರ್’ ಮೇಲೆಯೇ ದನಿ ಏರಲು ತೊಡಗಿ ಕೊನೆಯವರೆಗೂ ಏರುತ್ತಲೇ ಹೋದರೆ ‘ಏನಂದಿರಿ, ಎಲ್ಲಿ ವಾಸ ಅಂದಿರಿ?’ ಎಂಬಂತೆ ಕೇಳುತ್ತದೆ.

ಆಯ್ಕೆ ಕೊಡುವಾಗ ಇದು ಇನ್ನೂ ಸೊಗಸು. ‘ಟೀ ↗ ಆರ್ ಕಾಫಿ ↘’ ಎಂದರೆ ‘ಟೀಯೋ ಕಾಫಿಯೋ?’ ಎರಡರಲ್ಲಿ ಒಂದು ಹೇಳಬೇಕು, ಪಟ್ಟಿ ಮುಗಿಯಿತು. ‘ಟೀ ↗ ಆರ್ ಕಾಫಿ ↗’ ಎಂದರೆ ‘ಟೀ, ಕಾಫಿ, ಏನಾದರೂ?’ ಇಲ್ಲಿ ಮಜ್ಜಿಗೆ ಕೇಳಬಹುದು, ಬೇಡ ಎನ್ನಲೂಬಹುದು. ಮೊದಲನೆಯದಕ್ಕೆ ಬರೀ ‘ಎಸ್’ ಎಂದು ಉತ್ತರಿಸಿದರೆ ಎದುರಿನವರು ಕೆಟಲ್ ಹಿಡಿದು ನಿಂತೇ ಇರುತ್ತಾರೆ.

ವಾಕ್ಯದ ಬಾಲಕ್ಕೆ ಅಂಟಿಸುವ ‘ಇಸಂಟ್ ಇಟ್’ ಕೂಡ ಎರಡು ಬಗೆ. ಇಳಿದರೆ ನಮ್ಮ ‘ಅಲ್ಲವೇ’ ಅಥವಾ ‘ತಾನೇ’. ಉತ್ತರ ಗೊತ್ತಿದೆ, ಹೂಂಗುಟ್ಟಿದರೆ ಸಾಕು. ಏರಿದರೆ ನಿಜವಾದ ಪ್ರಶ್ನೆ, ಹೇಳುವವರಿಗೇ ಖಾತ್ರಿಯಿಲ್ಲ. ವಿನಂತಿಯಲ್ಲೂ ಹಾಗೆಯೇ: ‘ಕುಡ್ ಯೂ ಸೆಂಡ್ ದ ಫೈಲ್’ ಎಂಬುದರಲ್ಲಿ ಪದಗಳೆಲ್ಲ ವಿನಯದವೇ, ಆದರೆ ಕೊನೆಗೆ ದನಿ ಧಡಕ್ಕನೆ ಇಳಿದರೆ ಅದು ‘ಫೈಲ್ ಕಳಿಸು’ ಆಗುತ್ತದೆ. ಏರಿದರೆ ‘ಕಳಿಸುತ್ತೀರಾ?’ ಕನ್ನಡದಲ್ಲಿ ‘ಕಳಿಸುತ್ತೀರಾ’ ಎಂದವರು ಎಷ್ಟೇ ಸಪ್ಪೆಯಾಗಿ ಹೇಳಿದರೂ ಬಹುವಚನ ಅವರ ಮಾನ ಕಾಯುತ್ತದೆ. ಇಂಗ್ಲಿಷಿನಲ್ಲಿ ಕಾಯಲು ಆ ಬಹುವಚನವಿಲ್ಲ.

ಹುಟ್ಟಾ ಇಂಗ್ಲಿಷ್ ಆಡುವವರಿಗೂ ಇದರಿಂದ ತೊಂದರೆ ತಪ್ಪಿದ್ದಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಮಾತನ್ನು ಟಿವಿ ಸಂದರ್ಶಕರು ಪದೇ ಪದೇ ಅರ್ಧಕ್ಕೇ ತುಂಡರಿಸುತ್ತಿದ್ದರು. ಯಾಕೆ ಹೀಗೆ ಎಂದು ಬೀಟಿ, ಕಟ್ಲರ್, ಪಿಯರ್ಸನ್ ಎಂಬ ಮೂವರು ಸಂಶೋಧಕರು ಪರಿಶೀಲಿಸಿ 1982ರಲ್ಲಿ ‘ನೇಚರ್’ ನಿಯತಕಾಲಿಕದಲ್ಲಿ ಬರೆದರು. ಮಾತು ಇನ್ನೂ ಬಾಕಿ ಇರುವಾಗಲೇ ಥ್ಯಾಚರ್ ಅವರ ದನಿ ಥಟ್ಟನೆ ಕೆಳಗಿಳಿದುಬಿಡುತ್ತಿತ್ತು. ಕೇಳುವವರಿಗೆ ಅದು ಮಾತು ಮುಗಿದ ಸೂಚನೆಯಾಗಿ ಕಾಣುತ್ತಿತ್ತು. ಸಂದರ್ಶಕರು ಬಾಯಿ ಹಾಕಿದ್ದು ಒರಟುತನದಿಂದಲ್ಲ, ತಮ್ಮ ಸರದಿ ಬಂತು ಎಂದುಕೊಂಡು. ಸಭೆಗಳಲ್ಲಿ ‘ನನ್ನ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತಾರೆ’ ಎಂದು ನೊಂದುಕೊಳ್ಳುವವರು ತಮ್ಮ ವಾಕ್ಯಗಳ ನಡುವೆ ದನಿ ಎಲ್ಲಿ ಇಳಿಯುತ್ತಿದೆ ಎಂದು ಒಮ್ಮೆ ಕೇಳಿಸಿಕೊಳ್ಳಬಹುದು.

## ಇಳಿದು ಏರುವ ದನಿ, ಅಂದರೆ ‘ಏನೋ’

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಇಂಗ್ಲಿಷಿನಲ್ಲಿ, ಅದರಲ್ಲೂ ಬ್ರಿಟಿಷರ ಮಾತಿನಲ್ಲಿ, ಹೆಜ್ಜೆ ಹೆಜ್ಜೆಗೂ ಬರುವ ಇನ್ನೊಂದು ಹೊರಳಿದೆ. ದನಿ ಮೊದಲು ಇಳಿದು ತಕ್ಷಣ ಮತ್ತೆ ಏರುತ್ತದೆ. ↘↗ ಎಂದು ಗುರುತಿಸೋಣ. ಪಾಠಗಳಲ್ಲಿ ಇದರ ಮಾತು ಕಡಿಮೆ, ಬದುಕಿನಲ್ಲಿ ಇದರ ಪೆಟ್ಟು ಹೆಚ್ಚು.

ಹೀಗೊಂದು ಸಭೆ ಊಹಿಸಿಕೊಳ್ಳಿ. ಬೆಂಗಳೂರಿನ ಹುಡುಗಿಯೊಬ್ಬಳು ಎರಡು ವಾರ ಕೂತು ಮಾಡಿದ ಕೆಲಸವನ್ನು ಲೀಡ್ಸ್‌ನಲ್ಲಿರುವ ಮ್ಯಾನೇಜರ್‌ಗೆ ತೋರಿಸುತ್ತಾಳೆ. ಆತ ‘ದ ಡಿಸೈನ್ ಈಸ್ ಗುಡ್’ ಎನ್ನುತ್ತಾನೆ. ಆಕೆಗೆ ಖುಷಿ, ಅಮ್ಮನಿಗೂ ಫೋನ್ ಮಾಡಿ ಹೇಳುತ್ತಾಳೆ. ಮರುವಾರ ಅದೇ ಮ್ಯಾನೇಜರ್‌ನಿಂದ ಉದ್ದದ ಇಮೇಲ್ ಬರುತ್ತದೆ: ಕೋಡ್ ಪೂರ್ತಿ ಬದಲಾಗಬೇಕು, ಹಿಂದೆಯೇ ಹೇಳಿದ್ದೆನಲ್ಲ. ಹೇಳಿದ್ದು ಹೌದು, ಆದರೆ ಪದಗಳಲ್ಲಲ್ಲ, ದನಿಯಲ್ಲಿ. ಆತನ ವಾಕ್ಯದಲ್ಲಿ ದನಿ ‘ಡಿಸೈನ್’ನ ‘ಸೈನ್’ ಮೇಲೆ ಇಳಿದು, ತುದಿಯ ‘ಗುಡ್’ನಲ್ಲಿ ಮೆಲ್ಲಗೆ ಮೇಲೆದ್ದಿತ್ತು. ಕನ್ನಡದಲ್ಲಿ ಅದು ‘ಡಿಸೈನ್ ಚೆನ್ನಾಗಿದೆ’ ಅಲ್ಲ, ‘ಡಿಸೈನೇನೋ ಚೆನ್ನಾಗಿದೆ...’. ಆತ ಹಾಗೆ ಕನ್ನಡದಲ್ಲಿ ಅಂದಿದ್ದರೆ ಈಕೆ ಆಗಲೇ ‘ಮತ್ತೇನು ಸರಿಯಿಲ್ಲ?’ ಎಂದು ಕೇಳುತ್ತಿದ್ದಳು.

ಈ ಇಳಿದೇರುವ ದನಿ ‘ನಾನು ಹೇಳಿದ್ದಷ್ಟೇ ಅಲ್ಲ, ಹೇಳದೆ ಬಿಟ್ಟಿದ್ದೂ ಇದೆ’ ಎಂಬುದರ ಗುರುತು. ‘ಇಟ್ಸ್ ಕ್ವೈಟ್ ಗುಡ್’ ಎಂಬಲ್ಲಿ ‘ಕ್ವೈಟ್’ ಮೇಲೆ ಅದು ಕೂತರೆ ‘ಚೆನ್ನಾಗೇನೋ ಇದೆ’ ಎಂದಾಗುತ್ತದೆ; ಹಾಗೆಂದ ಊಟವನ್ನು ಯಾರೂ ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ. ‘ಐ ಲೈಕ್ ಹಿಸ್ ಬ್ರದರ್’ ಎಂಬಲ್ಲಿ ‘ಬ್ರದರ್’ ಮೇಲೆ ಬಂದರೆ ‘ಅವನ ಅಣ್ಣನೇನೋ ಒಳ್ಳೆಯವನು’ ಎಂದು, ಅಂದರೆ ಬೈಗುಳ ತಮ್ಮನಿಗೆ ತಲುಪುತ್ತದೆ.

ನಿಷೇಧದ ವಾಕ್ಯಗಳಲ್ಲಿ ಇದರ ಆಟ ಇನ್ನೂ ಸೂಕ್ಷ್ಮ. ‘ಐ ಡೋಂಟ್ ಲೆಂಡ್ ಮೈ ಸ್ಕೂಟರ್ ಟು ಎನಿಒನ್ ↘’ ಎಂದರೆ ‘ನನ್ನ ಸ್ಕೂಟರನ್ನು ಯಾರಿಗೂ ಕೊಡುವುದಿಲ್ಲ’. ಕೇಳಿ ಪ್ರಯೋಜನವಿಲ್ಲ. ಅದೇ ಮಾತಿನ ಕೊನೆಯಲ್ಲಿ ↘↗ ಬಂದರೆ ‘ಯಾರಿಗೆಂದರೆ ಅವರಿಗೆ ಕೊಡುವುದಿಲ್ಲ’. ಈಗ ಆಸೆ ಇಟ್ಟುಕೊಳ್ಳಬಹುದು. ನೀವು ‘ಯಾರೆಂದರೆ ಅವರು’ ಅಲ್ಲದಿದ್ದರೆ ಬೀಗದಕೈ ಸಿಕ್ಕೀತು. ಕನ್ನಡಕ್ಕೆ ಎರಡು ಬೇರೆ ವಾಕ್ಯಗಳೇ ಬೇಕಾದ ಕಡೆ ಇಂಗ್ಲಿಷ್ ಒಂದೇ ವಾಕ್ಯವನ್ನು ಎರಡು ರಾಗದಲ್ಲಿ ಹಾಡಿ ಮುಗಿಸುತ್ತದೆ.

## ತುಂಡು ಮಾಡುವುದು

ಬರಹದಲ್ಲಿ ಅಲ್ಪವಿರಾಮ ಮಾಡುವ ಕೆಲಸವನ್ನು ಮಾತಿನಲ್ಲಿ ಏರಿಳಿತದ ತುಂಡುಗಳು ಮಾಡುತ್ತವೆ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು’ ಎಂದು ಒಂದೇ ಉಸಿರಿನ ಒಂದೇ ತುಂಡಾಗಿ ಹೇಳಿದರೆ ಅಣ್ಣಂದಿರು ಹಲವರಿದ್ದಾರೆ, ಇದು ಮೈಸೂರಿನವನ ಮಾತು. ‘ಬ್ರದರ್’ ಆದಮೇಲೆ ರಾಗ ಮುರಿದು ಎರಡು ತುಂಡು ಮಾಡಿದರೆ ಅಣ್ಣ ಒಬ್ಬನೇ. ಅವನಿರುವುದು ಮೈಸೂರಿನಲ್ಲಿ ಎಂಬುದು ಹೆಚ್ಚುವರಿ ಮಾಹಿತಿ. ಇಲ್ಲಿ ಕನ್ನಡಕ್ಕಿಂತ ಇಂಗ್ಲಿಷ್ ಸ್ಪಷ್ಟ ಎಂದು ಒಪ್ಪಬೇಕು. ‘ಮೈಸೂರಿನಲ್ಲಿರುವ ನನ್ನ ಅಣ್ಣ’ ಎಂದರೆ ಅಣ್ಣಂದಿರು ಎಷ್ಟು ಜನ ಎಂದು ಮತ್ತೆ ಕೇಳಬೇಕಾಗುತ್ತದೆ.

## ಯಾರ ಇಂಗ್ಲಿಷ್?

ಇಲ್ಲಿಯವರೆಗೆ ಹೇಳಿದ್ದು ಮುಖ್ಯವಾಗಿ ದಕ್ಷಿಣ ಇಂಗ್ಲೆಂಡಿನ ಶಿಷ್ಟ ಮಾತಿನ ರೂಢಿ. ಅಮೆರಿಕದ ಇಂಗ್ಲಿಷಿಗೂ ಬಹುಪಾಲು ಹೊಂದುತ್ತದೆ. ಎಲ್ಲ ಕಡೆ ಹೀಗೇ ಎಂದಲ್ಲ. ಬೆಲ್‌ಫಾಸ್ಟ್, ಗ್ಲಾಸ್ಗೋ, ಲಿವರ್‌ಪೂಲ್, ನ್ಯೂಕ್ಯಾಸಲ್ ಕಡೆಯವರು ಬರೀ ಹೇಳಿಕೆಯನ್ನೂ ಏರು ದನಿಯಲ್ಲಿ ಮುಗಿಸುವುದುಂಟು. ಗ್ಲಾಸ್ಗೋದ ಮನೆ ಮಾಲೀಕರು ಪ್ರತಿ ಮಾತಿಗೂ ಪ್ರಶ್ನೆ ಕೇಳುತ್ತಿದ್ದಾರೆ ಎಂದುಕೊಂಡು ಉತ್ತರ ಕೊಡುತ್ತ ಹೋಗಬೇಕಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕ್ಯಾಲಿಫೋರ್ನಿಯಾಗಳಲ್ಲಿ, ಮುಖ್ಯವಾಗಿ ಕಿರಿಯರ ಮಾತಿನಲ್ಲಿ, ಹೇಳಿಕೆಯ ಕೊನೆಗೆ ದನಿ ಏರುವುದು ‘ಕೇಳುತ್ತಿದ್ದೀರಿ ತಾನೇ?’ ಎಂದು ಜೊತೆಗೆ ಕರೆದುಕೊಂಡು ಹೋಗುವ ಬಗೆ.

ನಮ್ಮದೂ ಒಂದು ಇಂಗ್ಲಿಷೇ. ಧಾರವಾಡದವರೂ ಕೊಚ್ಚಿಯವರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡಾಗ ‘ಗ್ರೇವಿ’ ಇಳಿದರೂ ಯಾರೂ ಮುನಿಯುವುದಿಲ್ಲ. ನಮ್ಮ ಧಾಟಿ ತಪ್ಪು ಎಂದು ನಾಚಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಎದುರಿನವರ ದನಿಯಲ್ಲಿರುವ ‘ಏನೋ’ ಕೇಳಿಸದೆ ಹೋದಾಗ ಆಗುವ ನಷ್ಟ ಮಾತ್ರ ನಮ್ಮದೇ. ಹೀಗಾಗಿ ಆಡುವುದಕ್ಕಿಂತ ಮೊದಲು ಕೇಳುವುದನ್ನು ಕಲಿಯುವುದು ಲಾಭ.

## ಬಾಯಿ ಮುಚ್ಚಿ ಕಲಿಯುವುದು

ಪದಗಳು ಕಿವಿಗೆ ಬಿದ್ದೊಡನೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ, ರಾಗ ಜಾರಿಹೋಗುತ್ತದೆ. ಅದಕ್ಕೆ ಸುಲಭದ ಉಪಾಯವೆಂದರೆ ಪದಗಳನ್ನು ತೆಗೆದುಬಿಡುವುದು. ಸಂದರ್ಶನವೊಂದರ ಐದಾರು ಸೆಕೆಂಡಿನ ತುಣುಕನ್ನು ಮೊಬೈಲಿನಲ್ಲಿ ಕೇಳಿ, ತುಟಿ ಮುಚ್ಚಿ ಅದರ ರಾಗವನ್ನಷ್ಟೇ ‘ಮ್ಮ್’ ಎಂದು ಗುನುಗಿ. ಗುನುಗಿದ್ದನ್ನು ಧ್ವನಿಮುದ್ರಿಸಿ ಮೂಲದೊಡನೆ ಹೋಲಿಸಿ. ರಾಗ ಕೂತ ಮೇಲೆ ಪದಗಳನ್ನು ಸೇರಿಸಿ. ಓದಿದ ಭಾಷಣಕ್ಕಿಂತ ಇಬ್ಬರ ನಡುವಿನ ಮಾತುಕತೆ ಇದಕ್ಕೆ ಒಳ್ಳೆಯದು. ‘ಏನೋ’ಗಳು ಹೆಚ್ಚು ಸಿಗುವುದು ಅಲ್ಲೇ. ಕಣ್ಣಿನಿಂದಲೂ ನೋಡಬೇಕೆನ್ನುವವರಿಗೆ ‘ಪ್ರಾಟ್’ ಎಂಬ ಉಚಿತ ತಂತ್ರಾಂಶವಿದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ್ದು. ದನಿಮುದ್ರಣ ಕೊಟ್ಟರೆ ಶ್ರುತಿಯ ಗೆರೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸುತ್ತದೆ. ‘ಗ್ರೇವಿ’ಯನ್ನು ಎರಡು ಬಗೆಯಲ್ಲಿ ಹೇಳಿ ನೋಡಿದರೆ ಒಂದು ಗೆರೆ ಬೆಟ್ಟ ಇಳಿಯುತ್ತದೆ, ಇನ್ನೊಂದು ಹತ್ತುತ್ತದೆ.

ಇಳಿದೇರುವ ದನಿಗೆ ಮಾತ್ರ ಕನ್ನಡದಿಂದಲೇ ಹೊರಡುವುದು ವಾಸಿ. ‘ಸಾರೇನೋ ಚೆನ್ನಾಗಿತ್ತು...’ ಎಂದು ಜೋರಾಗಿ ಹೇಳಿ, ಪಲ್ಯದ ವಿಷಯ ಬಾಯಿಬಿಡದೆ ಅಲ್ಲಿಗೇ ನಿಲ್ಲಿಸಿ. ಮನಸ್ಸಿನಲ್ಲಿ ಉಳಿದ ಆ ‘ಆದರೆ’ಯನ್ನು ಬಿಡದೆ ಹಿಡಿದುಕೊಂಡು, ಅದೇ ಗಳಿಗೆಯಲ್ಲಿ ‘ದ ಸೂಪ್ ವಾಸ್ ಗುಡ್’ ಎನ್ನಿ. ‘ಸೂಪ್’ ಮೇಲೆ ದನಿ ಇಳಿಯಲಿ, ‘ಗುಡ್’ ಮೇಲೆ ಏಳಲಿ. ಎದುರಿಗಿದ್ದವರು ‘ಬಟ್?’ ಎಂದು ಕೇಳಿದರೆ ರಾಗ ಕೂತಿದೆ.